ಒಳ್ಳೆಯ ಹವೆಯ ನೆಂಟರು

ನಮ್ಮ ಬೀದಿಯಲ್ಲಿ ಹನ್ನೆರಡು ಮನೆಗಳಿವೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅವುಗಳಲ್ಲಿ ಐದಕ್ಕೆ ಬೀಗ. ನವೆಂಬರ್ ಬಂತೆಂದರೆ ಒಂದೊಂದೇ ಗ್ಯಾರೇಜಿನ ಬಾಗಿಲು ಕಿರ್ರೆಂದು ಮೇಲೇಳುತ್ತದೆ. ದೂರದ ನಂಬರ್ ಪ್ಲೇಟಿನ ಗಾಡಿಗಳಿಂದ ಮಡಚುವ ಕುರ್ಚಿ, ಗಾಲ್ಫ್ ಕೋಲು, ಮಾತ್ರೆಯ ಡಬ್ಬಿ, ಮುದಿ ನಾಯಿ ಇಳಿಯುತ್ತವೆ. ಆಗ ನಾವು, ಅಂದರೆ ವರ್ಷವಿಡೀ ಇಲ್ಲೇ ಇರುವವರು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ: "ಹಕ್ಕಿಗಳು ಬಂದವು."

ನಾನಿರುವುದು ಅಮೆರಿಕದ ಅರಿಝೋನಾ ರಾಜ್ಯದ ಮೆಸಾ ಎಂಬ ಊರಿನಲ್ಲಿ. ಫೀನಿಕ್ಸ್ ನಗರಕ್ಕೆ ಅಂಟಿಕೊಂಡ, ಸೊನೋರನ್ ಮರುಭೂಮಿಯ ಊರು ಇದು. ಕೆನಡಾದ ಮತ್ತು ಉತ್ತರ ಅಮೆರಿಕದ ನಿವೃತ್ತರು ಹಿಮಕ್ಕೆ ಹೆದರಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಾರೆ. ಅವರಿಗೆ ಇಲ್ಲಿನ ಹೆಸರು ಸ್ನೋಬರ್ಡ್, ಹಿಮಹಕ್ಕಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿನ ಹಗಲು ನಮ್ಮ ಮೈಸೂರಿನ ಡಿಸೆಂಬರ್ ಬೆಳಗಿನ ಹಾಗಿರುತ್ತದೆ. ಹಿತ್ತಲಿನ ಕಿತ್ತಳೆ ಹಣ್ಣಾಗುವುದೂ ಆಗಲೇ.

ನಮ್ಮ ಪಕ್ಕದ ಮನೆಗೆ ಬರುವವರು ಕೆನಡಾದ ಥಂಡರ್ ಬೇ ಊರಿನ ದಂಪತಿ. ಅವರ ಹೆಸರು ಹೇಳುವುದು ಬೇಡ. ನಮ್ಮ ಮನೆಯಲ್ಲಿ ಅವರು ಅಜ್ಜ, ಅಜ್ಜಿ. ಅಜ್ಜ ಬಂದರಿನ ಧಾನ್ಯದ ಗೋದಾಮಿನಲ್ಲಿ ದುಡಿದವರು, ಅಜ್ಜಿ ಶಾಲೆಯ ಟೀಚರು. ಅವರೂರಿನಲ್ಲಿ ಚಳಿಗಾಲದ ರಾತ್ರಿ ಕಾರಿನ ಎಂಜಿನ್ನಿಗೂ ಫೋನಿನ ಹಾಗೆ ಪ್ಲಗ್ ಸಿಕ್ಕಿಸಿಡಬೇಕಂತೆ, ಇಲ್ಲದಿದ್ದರೆ ಬೆಳಗ್ಗೆ ಅದು ಏಳುವುದಿಲ್ಲ. ಅಜ್ಜಿ ಮನೆಯ ಮುಂದಿನ ಐಸಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ವರ್ಷ ಇಬ್ಬರೂ ನಿರ್ಧರಿಸಿದರು: ಇನ್ನು ಚಳಿಗಾಲ ಸಾಕು. ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಗಾಡಿ ಓಡಿಸಿಕೊಂಡು ಬಂದು ಇಲ್ಲೊಂದು ಚಿಕ್ಕ ಮನೆ ಕೊಂಡರು.

ಹಿಮದಲ್ಲಿ ಎಪ್ಪತ್ತು ವರ್ಷ ಬಾಳಿದವರಿಗೆ ಮರುಭೂಮಿ ಗೊತ್ತಿರಲು ಸಾಧ್ಯವೇ? ಬಂದ ಮೊದಲ ವಾರವೇ ಅಜ್ಜನಿಗೆ ದಾರಿಬದಿಯಲ್ಲಿ ಒಂದು ಗಿಡ ಕಂಡಿತು. ಮೈತುಂಬ ನಸು ಹಳದಿ ಮುಳ್ಳು, ದೂರದಿಂದ ನೋಡಿದರೆ ಮಕ್ಕಳ ಕರಡಿ ಬೊಂಬೆಯ ತುಪ್ಪುಳದಂತೆ ಮೆತ್ತಗೆ. ಅದರ ಹೆಸರೇ ಟೆಡ್ಡಿಬೇರ್ ಚೋಯಾ. ಅಜ್ಜ ಪ್ರೀತಿಯಿಂದ ಅದರ ಬೆನ್ನು ತಟ್ಟಿದರು. ಗಿಡದ ಒಂದು ಗೆಣ್ಣು ಕಳಚಿಕೊಂಡು ಅಂಗೈಗೆ ಕಚ್ಚಿತು. ಅದನ್ನು ಬಿಡಿಸಲು ಹೋದ ಇನ್ನೊಂದು ಕೈಗೂ ಕಚ್ಚಿತು. ನಮಸ್ಕಾರ ಮಾಡುವ ಭಂಗಿಯಲ್ಲಿ ನಮ್ಮ ಮನೆ ಬಾಗಿಲಿಗೆ ಬಂದು ಮೊಣಕೈಯಿಂದ ಬೆಲ್ ಒತ್ತಿದರು. ಚೋಯಾ ಮುಳ್ಳಿಗೆ ಮದ್ದು ಬಾಚಣಿಗೆ. ಹಲ್ಲುಗಳನ್ನು ಮುಳ್ಳಿನ ಅಡಿಗೆ ತೂರಿಸಿ ಒಮ್ಮೆಲೇ ಎತ್ತಿ ಎಸೆಯಬೇಕು. ಅಂದಿನಿಂದ ಅಜ್ಜನ ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಜೇಬಿನಲ್ಲಿ ಮಾತ್ರ ಸದಾ ಬಾಚಣಿಗೆ.

ಅಜ್ಜಿಯ ಕಥೆ ಬೇರೆ. ಚೇಳಿನ ಮೈ ನೇರಳೆ ಬೆಳಕಿನ ಟಾರ್ಚಿಗೆ ಹಸಿರಾಗಿ ಹೊಳೆಯುತ್ತದೆಂದು ಯಾರೋ ಹೇಳಿದರು. ಒಂದು ಏಪ್ರಿಲ್ ಕೊನೆಯಲ್ಲಿ, ಊರಿಗೆ ಹೊರಡಲು ಮೂರು ದಿನವಿದ್ದಾಗ, ಅಜ್ಜಿ ಅಂಥದೊಂದು ಟಾರ್ಚ್ ಕೊಂಡು ಹಿತ್ತಲ ಗೋಡೆಯ ಮೇಲೆ ಬೆಳಕು ಬಿಟ್ಟರು. ಹನ್ನೊಂದು ಚೇಳು ಕಂಡವು. ನಾಲ್ಕು ಚಳಿಗಾಲ ಅದೇ ಗೋಡೆಗೆ ಕುರ್ಚಿ ಒರಗಿಸಿ ಕಾಫಿ ಕುಡಿದವರು ಉಳಿದ ಮೂರು ರಾತ್ರಿ ನಿದ್ದೆ ಮಾಡಲಿಲ್ಲ. "ಟಾರ್ಚ್ ಕೊಳ್ಳುವ ಮೊದಲು ಈ ಮನೆಯಲ್ಲಿ ಚೇಳೇ ಇರಲಿಲ್ಲ" ಎಂದು ಈಗಲೂ ವಾದಿಸುತ್ತಾರೆ.

ಗಡಿಯಾರದ ಪೀಕಲಾಟವೂ ಉಂಟು. ಮಾರ್ಚಿಯಲ್ಲಿ ಅಮೆರಿಕ, ಕೆನಡಾಗಳ ಹೆಚ್ಚಿನ ಕಡೆ ಗಡಿಯಾರವನ್ನು ಒಂದು ಗಂಟೆ ಮುಂದೂಡುತ್ತಾರೆ. ಅರಿಝೋನಾದ ಬಹುಭಾಗ ಆ ಗೊಡವೆಗೆ ಹೋಗುವುದಿಲ್ಲ. ಥಂಡರ್ ಬೇಗೂ ನಮಗೂ ಇದ್ದ ಎರಡು ಗಂಟೆಯ ಅಂತರ ಒಂದೇ ರಾತ್ರಿಯಲ್ಲಿ ಮೂರಾಗುತ್ತದೆ. ಪ್ರತಿವರ್ಷವೂ ಆ ಭಾನುವಾರ ಅಜ್ಜ ಮಲಗಿದ್ದ ಮೊಮ್ಮಗಳನ್ನು ಫೋನಿನಲ್ಲಿ ಎಬ್ಬಿಸಿ ಮಗಳಿಂದ ಬೈಸಿಕೊಳ್ಳುತ್ತಾರೆ.

ಒಂದು ಜನವರಿಯಲ್ಲಿ ಅವರು ನಮ್ಮನ್ನೂ ಕ್ವಾರ್ಟ್ಸೈಟ್‌ಗೆ ಕರೆದೊಯ್ದರು. ಫೀನಿಕ್ಸಿನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ ಆ ಊರಿನ ಜನಸಂಖ್ಯೆ ಎರಡೂವರೆ ಸಾವಿರವೂ ಇಲ್ಲ. ಚಳಿಗಾಲದಲ್ಲಿ ಮಾತ್ರ ಲಕ್ಷಗಟ್ಟಲೆ ಜನ ಬಂದುಹೋಗುತ್ತಾರೆ. ಊರಿನ ಸುತ್ತ ಸರ್ಕಾರಿ ಬಯಲಿನಲ್ಲಿ ಮನೆಗಾಡಿಗಳ ಸಂತೆಯೇ ನೆರೆದಿರುತ್ತದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ಗಾಡಿ ನಿಲ್ಲಿಸಲು ನಾವು ಹೋದ ವರ್ಷ ಕೊಡಬೇಕಿದ್ದದ್ದು 180 ಡಾಲರ್. ಅಜ್ಜ ಬಾಡಿಗೆಗೆ ತಂದ ಮನೆಗಾಡಿ ಮೊದಲ ಸಂಜೆಯೇ ಉಸುಕಿನಲ್ಲಿ ಹೂತುಕೊಂಡಿತು. ಅದನ್ನೆತ್ತಲು ಎಪ್ಪತ್ತು ದಾಟಿದ ಎಂಟು ಜನ ಎಂಟು ಸಲಹೆ ಕೊಟ್ಟರು, ಒಬ್ಬರೂ ಬಗ್ಗಲಾಗಲಿಲ್ಲ. ಮರುದಿನ ಗಾಡಿ ಮೇಲೆ ಬಂತು, ಆದರೆ ಸ್ಟಾರ್ಟ್ ಆಗಲಿಲ್ಲ. ಮರುಭೂಮಿಯ ಇಲಿ ರಾತ್ರೋರಾತ್ರಿ ಎಂಜಿನ್ನಿನ ವೈರು ಕಡಿದು ಅಲ್ಲೇ ಗೂಡಿಗೆ ಅಡಿಪಾಯ ಹಾಕಿತ್ತು. ಮೆಕ್ಯಾನಿಕ್ ಬರುವವರೆಗೆ ಎಲ್ಲರೂ ಬಿಸಿಲು ಕಾಯಿಸುತ್ತಾ ಇಸ್ಪೀಟು ಆಡಿದರು. ಅವರಷ್ಟು ಖುಷಿಯಾಗಿ ಕೆಟ್ಟು ನಿಂತವರನ್ನು ನಾನು ನೋಡಿಲ್ಲ.

ಆ ಊರಿನ ಸ್ಮಶಾನದಲ್ಲಿ ಕಲ್ಲಿನ ಪುಟ್ಟ ಪಿರಮಿಡ್ಡು, ಅದರ ತುದಿಯಲ್ಲಿ ಲೋಹದ ಒಂದು ಒಂಟೆ ಇದೆ. ಅಮೆರಿಕದ ಸೈನ್ಯ 1856ರಲ್ಲಿ ಸಾಮಾನು ಹೊರಲು ಒಂಟೆಗಳನ್ನು ತರಿಸಿ ನೋಡಿತ್ತು. ಜೊತೆಗೆ ಬಂದ ಒಂಟೆ ಮೇಯಿಸುವವರಲ್ಲಿ ಹಾಜಿ ಅಲಿ ಒಬ್ಬ. ಇಲ್ಲಿನವರ ನಾಲಿಗೆಯಲ್ಲಿ ಅವನು ‘ಹೈ ಜಾಲಿ’ಯಾದ. ಒಂಟೆಗಳ ಪ್ರಯೋಗ ನಿಂತುಹೋಯಿತು, ಅವನು ಮರುಭೂಮಿ ಬಿಟ್ಟು ಹೋಗಲಿಲ್ಲ. 1902ರಲ್ಲಿ ಅಲ್ಲೇ ಸತ್ತ. ಬಂದುಹೋಗುವವರಿಂದ ಬದುಕುವ ಊರಿನ ದೊಡ್ಡ ಸ್ಮಾರಕ, ಬಂದು ಹೋಗದೇ ಉಳಿದವನದು. ಆವತ್ತು ಇದನ್ನು ನೋಡಿ ನಕ್ಕಿದ್ದೆ.

ನಿಜ ಹೇಳಬೇಕೆಂದರೆ ಇವರ ಬಗ್ಗೆ ನನ್ನ ನಗುವಿನೊಳಗೆ ಒಂದು ಸಣ್ಣ ಅಹಂಕಾರವಿತ್ತು. ನಮ್ಮಲ್ಲಿ ವಯಸ್ಸಾದ ಮೇಲೆ ವಾನಪ್ರಸ್ಥ ಎನ್ನುತ್ತಿದ್ದರು, ಬಿಡುವುದನ್ನು ಕಲಿಯಲು ಕಾಡಿಗೆ ಹೋಗುವುದು. ಇವರೂ ಹೊರಡುತ್ತಾರೆ, ಆದರೆ ಟೀವಿಯ ಜೊತೆಗೆ. ಫೀನಿಕ್ಸಿನ ಪಕ್ಕದ ಸನ್ ಸಿಟಿ ಎಂಬ ಊರು 1960ರ ಜನವರಿ ಒಂದರಂದು ನಿವೃತ್ತರಿಗೆಂದೇ ಬಾಗಿಲು ತೆರೆಯಿತು. ಅಲ್ಲಿ ಮೊಮ್ಮಕ್ಕಳು ಅತಿಥಿಗಳಾಗಿ ಬಂದುಹೋಗಬಹುದು, ವಾಸಿಸುವಂತಿಲ್ಲ. ವರ್ಷದಲ್ಲಿ ಒಂದೇ ಋತು, ಬೀದಿಯಲ್ಲಿ ಒಂದೇ ವಯಸ್ಸು. ಬದುಕಿನ ತಟ್ಟೆಯಿಂದ ಬೇಕಾದ್ದನ್ನಷ್ಟೇ ಬಡಿಸಿಕೊಂಡು ಉಳಿದದ್ದನ್ನು ಪಕ್ಕಕ್ಕೆ ಸರಿಸಿದಂತೆ ನನಗೆ ಕಾಣುತ್ತಿತ್ತು. ಒಂದು ಊರಿನ ಒಳ್ಳೆಯ ಹವೆಯನ್ನು ಮಾತ್ರ ಉಂಡು ಕೆಟ್ಟ ಹವೆಯನ್ನು ಬೇರೆಯವರಿಗೆ ಬಿಟ್ಟುಹೋಗುವುದು ಸರಿಯೇ? ಈ ಪ್ರಶ್ನೆಯನ್ನು ನಾನು ಬಹಳ ವರ್ಷ ಅವರ ಕಡೆಗೆ ಬೆರಳು ಮಾಡಿಯೇ ಕೇಳುತ್ತಿದ್ದೆ.

ಅವರ ಫ್ರಿಜ್ಜಿನ ಮೇಲೆ ಮೂರು ಕ್ಯಾಲೆಂಡರ್ ಅಂಟಿಸಿರುತ್ತಾರೆ. ಒಂದು ವಲಸೆ ಇಲಾಖೆಯ ಲೆಕ್ಕಕ್ಕೆ, ಅಲ್ಲಿ ಸಾಮಾನ್ಯವಾಗಿ ಆರು ತಿಂಗಳು ಮೀರುವಂತಿಲ್ಲ. ಇನ್ನೊಂದು ಅವರ ಪ್ರಾಂತ್ಯದ ಆರೋಗ್ಯ ವಿಮೆಗೆ, ಅದಕ್ಕೆ ಹನ್ನೆರಡು ತಿಂಗಳಲ್ಲಿ ಕನಿಷ್ಠ 153 ದಿನ ಒಂಟಾರಿಯೋದಲ್ಲಿ ಇರಬೇಕು. ಮೂರನೆಯದು ಅಮೆರಿಕದ ತೆರಿಗೆಗೆ: ಈ ವರ್ಷದ ಪೂರ್ತಿ ದಿನ, ಹೋದ ವರ್ಷದ ದಿನಗಳ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಿಸಿ 183 ಆಗುತ್ತದೆಯೇ ಎಂದು ನೋಡಬೇಕು. ಒಂಟಿಕೊಪ್ಪಲ್ ಪಂಚಾಂಗವೂ ಇಷ್ಟು ತೊಡಕಲ್ಲ. ಲೆಕ್ಕ 183 ಮುಟ್ಟಿದರೆ 8840 ಎಂಬ ನಮೂನೆ ತುಂಬಬೇಕು. ನಿಮ್ಮ ಹತ್ತಿರದ ನಂಟು ಯಾವ ದೇಶದ ಜೊತೆಗೆ ಎಂದು ಸಾಬೀತು ಮಾಡುವ ಕಾಗದ ಅದು. ಒಂದು ವರ್ಷ ಅದನ್ನು ತುಂಬಲು ಅಜ್ಜ ನನ್ನನ್ನು ಕರೆದರು. ನಿಮ್ಮ ಕಾಯಂ ಮನೆ ಎಲ್ಲಿದೆ? ಕಾರು ಎಲ್ಲಿದೆ? ಪೀಠೋಪಕರಣ ಎಲ್ಲಿವೆ? ಬ್ಯಾಂಕು ಎಲ್ಲಿ? ಮತ ಹಾಕುವುದೆಲ್ಲಿ? ನಾನು ಓದುತ್ತಾ ಹೋದೆ, ಅಜ್ಜ ಉತ್ತರ ಹೇಳುತ್ತಾ ಹೋದರು. "ಕುಟುಂಬ ಎಲ್ಲಿದೆ?" ಎಂದು ಓದಿದಾಗ ಅಡುಗೆಮನೆಯಿಂದ ಅಜ್ಜಿ ಕೂಗಿದರು: "ಇಲ್ಲೇ ಒಲೆ ಮುಂದೆ ನಿಂತಿದೆ ಅಂತ ಬರಿ."

ಏಪ್ರಿಲ್ ಮುಗಿಯುವಾಗ ಹಕ್ಕಿಗಳು ಹೊರಡುತ್ತವೆ. ಆಮೇಲೆ ಬರುವುದು ನಿಜವಾದ ಅರಿಝೋನಾ. ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಸ್ಟೀರಿಂಗ್ ಮುಟ್ಟಲಾಗದೆ ಅಡುಗೆಮನೆಯ ಕೈಗವಸು ಹಾಕಿಕೊಂಡು ಕಾರು ಓಡಿಸುತ್ತೇವೆ. ನಾಯಿಯನ್ನು ಸುತ್ತಾಡಿಸುವುದು ಬೆಳಗಿನ ನಾಲ್ಕಕ್ಕೆ. ಬೀಗ ಹಾಕಿದ ಮನೆಗಳ ಕೀಲಿಗೊಂಚಲು ಬೀದಿಯ ಕೊನೆಯ ಮನೆಯ ಹಿರಿಯರ ಬಳಿ ಇರುತ್ತಿತ್ತು. ಬಸ್ ಡ್ರೈವರ್ ಆಗಿ ನಿವೃತ್ತರಾದವರು, ಒಂಟಿ ಜೀವ, ಹುಟ್ಟಿದ್ದು ಇದೇ ಮರುಭೂಮಿಯಲ್ಲಿ. ವಾರಕ್ಕೊಮ್ಮೆ ಐದೂ ಮನೆಗಳಿಗೆ ಹೋಗಿ ಬಚ್ಚಲ ಕೊಳವೆಗಳಿಗೆ ನೀರು ಹಾಕುವುದು ಅವರ ಕೆಲಸ. ಹಾಕದಿದ್ದರೆ ಕೊಳವೆಯೊಳಗಿನ ನೀರು ಆರಿ, ಚರಂಡಿಯ ನಾತವೂ ಜಿರಲೆಯೂ ಮೇಲೆ ಬರುತ್ತವೆ. ಇದಕ್ಕೆ ಅವರು ಹಣ ತೆಗೆದುಕೊಳ್ಳುತ್ತಿರಲಿಲ್ಲ.

2023ರ ಬೇಸಿಗೆ ಎಲ್ಲವನ್ನೂ ಮೀರಿಸಿತು. ಫೀನಿಕ್ಸಿನಲ್ಲಿ ಸತತ 31 ದಿನ ತಾಪ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಆ ವರ್ಷ ನಮ್ಮ ಮಾರಿಕೋಪಾ ಕೌಂಟಿಯಲ್ಲಿ ಸೆಕೆಯಿಂದಾದ ಸಾವು 645. ಬೀದಿಯಲ್ಲಿ ಮಲಗುವವರು, ಎಸಿ ಕೆಟ್ಟ ಮನೆಯೊಳಗೆ ಉಳಿದ ಮುದುಕರು ಅವರಲ್ಲಿದ್ದರು. ಅದೇ ಜುಲೈನಲ್ಲಿ ನಮ್ಮ ಕೀಲಿಗೊಂಚಲಿನ ಹಿರಿಯರಿಗೆ ಹೃದಯದ ಆಪರೇಷನ್ ಆಯಿತು. ಮನೆಗೆ ಮರಳಿದ ಮೇಲೆ ನೋಡಿಕೊಳ್ಳುವವರಿಲ್ಲ. ನಾವೆಲ್ಲ ಸರದಿ ಪ್ರಕಾರ ಊಟ ಕೊಡುವ ಪಟ್ಟಿ ಮಾಡುತ್ತಿದ್ದಾಗ ಒಂದು ಮಧ್ಯಾಹ್ನ ಟ್ಯಾಕ್ಸಿಯೊಂದು ಬಂದು ನಿಂತಿತು. ಥಂಡರ್ ಬೇ ಅಜ್ಜ ಅಜ್ಜಿ ಇಳಿದರು.

ಅಜ್ಜ ತಮ್ಮ ಮನೆಯ ಗೇಟಿನ ಚಿಲಕ ಹಿಡಿದು ಕಿರುಚಿ ಕೈ ಬಿಟ್ಟರು. ನಾಯಿಗೆ ತಣ್ಣೀರು ಹಿಡಿಯಲು ಹೋದ ಅಜ್ಜಿ ನಲ್ಲಿಯ ಮುಂದೆ ಐದು ನಿಮಿಷ ಕಾದು, ಬಿಸಿನೀರಿನ ಯಂತ್ರ ಕೆಟ್ಟಿದೆಯೆಂದು ಪ್ಲಂಬರಿಗೆ ಫೋನ್ ಮಾಡಿದರು. "ನೀವೆಲ್ಲ ಇದನ್ನು ಹೇಗೆ ತಡೆದುಕೊಳ್ಳುತ್ತೀರಿ?" ಎಂದು ಅಜ್ಜ ನನ್ನನ್ನು ಕೇಳಿದ ರೀತಿಯಲ್ಲಿ ತಮಾಷೆ ಇರಲಿಲ್ಲ. ಹದಿನಾರು ದಿನ ಇದ್ದರು. ಅಜ್ಜ ರೋಗಿಗೆ ಸ್ನಾನ ಮಾಡಿಸಿದರು, ಮಾತ್ರೆ ಕೊಟ್ಟರು. ಕೀಲಿಗೊಂಚಲು ಹಿಡಿದು ಐದು ಮನೆಗಳ ಕೊಳವೆಗಳಿಗೂ ತಾವೇ ನೀರು ಹಾಕಿ ಬಂದರು. ಯಾಕೆ ಇಷ್ಟು ಕಷ್ಟಪಟ್ಟು ಬಂದಿರಿ ಅಂದರೆ, "ಇಷ್ಟು ವರ್ಷ ನಮ್ಮ ಮನೆ ಕಾದನಲ್ಲ" ಅಂದರು, ಅಷ್ಟೇ.

ಆ ವಾರ ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದನ್ನೆಲ್ಲ ವರ್ಣಿಸಿದೆ. ಅಮ್ಮ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿ. ಅಪ್ಪ ಹೋದ ಮೇಲೆ ಅಡಿಕೆ ತೋಟ, ಹಂಚಿನ ಮನೆ, ಒಂದು ದನ ಮತ್ತು ಅಮ್ಮ. ಜುಲೈ ಆದ್ದರಿಂದ ಮಳೆಗೆ ನೆಟ್‌ವರ್ಕ್ ಸರಿ ಇರಲಿಲ್ಲ, ವಿಡಿಯೋ ಬರುತ್ತಿರಲಿಲ್ಲ. ಅಮ್ಮ ಎಲ್ಲ ಕೇಳಿ, "ಒಳ್ಳೇ ಜನ ಕಣೇ. ಆಪತ್ತಿಗೆ ಬರೋರೇ ನೆಂಟರು" ಅಂದಳು.

ಡಿಸೆಂಬರಿನಲ್ಲಿ ಎಂದಿನಂತೆ ಎರಡು ವಾರ ಊರಿಗೆ ಹೋದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಎಳೆ ಬಿಸಿಲು, ಬೆಳಗ್ಗೆ ಇಬ್ಬನಿ. ಅಮ್ಮ ಕಾಫಿ ಲೋಟ ಕೊಡುವಾಗ ಬಲಗೈಯ ಮಣಿಕಟ್ಟು ಸೊಟ್ಟಗಿರುವುದು ಕಂಡಿತು.

"ಇದೇನಮ್ಮ?"

"ಅದಾ? ಜುಲೈನಲ್ಲಿ ಬಚ್ಚಲ ಹತ್ರ ಪಾಚಿ ಮೇಲೆ ಜಾರಿದ್ದೆ. ಈಗ ಸರಿಯಾಗಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ ಮಾರಾಯ್ತಿ? ಸುಮ್ನೆ ಅಲ್ಲಿ ಕೂತು ಅಳ್ತಿದ್ದೆ."

ಕೆನಡಾದ ಅಜ್ಜನ ಗುಣಗಾನವನ್ನು ನಾನು ಅರ್ಧ ಗಂಟೆ ಮಾಡಿದಾಗ ಅಮ್ಮ ಪಟ್ಟಿ ಕಟ್ಟಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಫೋನ್ ಹಿಡಿದು ಕೇಳಿದ್ದಳು. ಅವಳನ್ನು ಸುರಿಯುವ ಮಳೆಯಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದೊಯ್ದದ್ದು ಆಚೆಮನೆಯ ಹುಡುಗ, ತನ್ನ ಜೀಪಿನಲ್ಲಿ. ಒಂದೂವರೆ ತಿಂಗಳು ದನದ ಹಾಲು ಕರೆದದ್ದು ಅವನ ಹೆಂಡತಿ. ಮೆಸಾದ ಕೀಲಿಗೊಂಚಲಿನ ಹಿರಿಯರ ಹುಟ್ಟಿದ ದಿನ, ರಕ್ತದ ಗುಂಪು ಕೂಡ ನನಗೆ ಗೊತ್ತಿತ್ತು. ಈ ಹುಡುಗನ ಹೆಸರನ್ನು ಅಂದು ಅಮ್ಮನಿಂದ ಕೇಳಿ ತಿಳಿದುಕೊಂಡೆ.

ಆ ರಾತ್ರಿ ನನಗೆ 8840 ನಮೂನೆ ನೆನಪಾಯಿತು. ಕಾರು ಎಲ್ಲಿದೆ? ಮೆಸಾ. ಪೀಠೋಪಕರಣ? ಮೆಸಾ. ಬ್ಯಾಂಕು ಎರಡೂ ಕಡೆ. ‘ಊರು’ ಎಂದಾಗ ನನ್ನ ಬಾಯಲ್ಲಿ ಬರುವುದು ಯಾವುದು? ಇದು. ಹಾಗಾದರೆ ಹದಿನೇಳು ವರ್ಷಗಳಲ್ಲಿ ಈ ಊರನ್ನು ನಾನು ನೋಡಿದ್ದು ಯಾವ ತಿಂಗಳಲ್ಲಿ? ಪ್ರತಿಸಲವೂ ಡಿಸೆಂಬರ್. ನನ್ನ ಮಕ್ಕಳಿಗೆ ಜೂನ್, ಜುಲೈ ಎರಡು ತಿಂಗಳು ರಜೆ; ಡಿಸೆಂಬರಿನಲ್ಲಿ ಬರೀ ಎರಡು ವಾರ. ಆದರೂ ನಾವು ಆರಿಸಿಕೊಂಡದ್ದು ಡಿಸೆಂಬರ್. ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ಮಕ್ಕಳಿಗೆ ನೆಗಡಿ. ಬೀದಿಯ ಐದು ಮನೆಗಳ ಬೀಗ ನೋಡಿ ನಗುತ್ತಿದ್ದ ನಾನು ನನ್ನ ಅಮ್ಮನ ಮನೆಯಲ್ಲಿ ಹಿಮಹಕ್ಕಿಯಾಗಿದ್ದೆ. ಇನ್ನೂ ಹೇಳಬೇಕೆಂದರೆ ಅಜ್ಜ ವರ್ಷಕ್ಕೆ ಆರು ತಿಂಗಳಾದರೂ ಇರುತ್ತಾರೆ.

ಹಾಗಾದರೆ ಒಳ್ಳೆಯ ಋತುವಿಗೆ ಮಾತ್ರ ಬರುವುದು ತಪ್ಪೇ? ತಪ್ಪು ಎನ್ನಲು ಈಗಲೂ ನನಗೆ ಮನಸ್ಸಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ‘ಬೇಸಿಗೆಯಲ್ಲಿ ಎಲ್ಲಿಗೆ ಹೋಗಿದ್ದಿರಿ’ ಎಂದು ಯಾರೂ ಕೇಳುವುದಿಲ್ಲ. ಮುರಿದ ಸೊಂಟದ ಮುದುಕಿ ಐಸಿನ ಮೇಲೆ ಇನ್ನೊಮ್ಮೆ ಬೀಳಲೆಂದು ಹೇಳುವ ನೀತಿ ಯಾವ ನೀತಿ? ಎಲ್ಲರೂ ಎಲ್ಲ ಕಷ್ಟಗಳಲ್ಲೂ ಹಾಜರಿರಲು ಸಾಧ್ಯವೂ ಇಲ್ಲ. ಸುಖವನ್ನು ಆರಿಸಿಕೊಂಡದ್ದೇ ಪಾಪವಾದರೆ ನಾವು ಊರು ಬಿಟ್ಟ ದಿನವೇ ಪಾಪಿಗಳು.

ಆದರೆ ಹಕ್ಕಿಗೂ ನಮಗೂ ಒಂದು ವ್ಯತ್ಯಾಸವಿದೆ. ತಾನಿಲ್ಲದಾಗ ಕೆರೆಯನ್ನು ಯಾರು ಕಾದರೆಂದು ಹಕ್ಕಿಗೆ ತಿಳಿಯುವ ದಾರಿ ಇಲ್ಲ. ನಮಗಿದೆ. ಒಳ್ಳೆಯ ಋತು ತಾನಾಗಿ ಬರುವುದಿಲ್ಲ. ಡಿಸೆಂಬರಿನಲ್ಲಿ ನಾನು ಫೋಟೋ ತೆಗೆಯುವ ಆ ಅಡಿಕೆಯ ಹಿಂದೆ ಜೂನಿನ ಮೈಲುತುತ್ತದ ಸಿಂಪಡಣೆ ಇದೆ, ಕೊಳೆರೋಗದ ಭಯ ಇದೆ. ಮಳೆಯಲ್ಲಿ ಸೋರುವ ಹಂಚನ್ನು ಸರಿಸಿ ಕೂರಿಸಿದ ಯಾರದೋ ಕೈ ಇದೆ. ನಾವು ಉಣ್ಣುವ ಒಳ್ಳೆಯ ಹವೆಯನ್ನು ಯಾರೋ ಕೆಟ್ಟ ಹವೆಯಲ್ಲಿ ಕಾದಿಟ್ಟಿರುತ್ತಾರೆ. ಸಾಲ ಇರುವುದು ಅವರಲ್ಲಿ. ಅದನ್ನು ಹಣ ಕಳಿಸಿ ತೀರಿಸಿದೆನೆಂದು ನಾನು ಅಂದುಕೊಂಡಿದ್ದೆ. ಅಜ್ಜ ಕೂಡ ಥಂಡರ್ ಬೇಯಿಂದಲೇ ಒಬ್ಬ ನರ್ಸಿಗೆ ದುಡ್ಡು ಕಳಿಸಬಹುದಿತ್ತು. ಕಳಿಸದೆ ತಾವೇ ಬಂದು ಗೇಟಿನ ಚಿಲಕಕ್ಕೆ ಕೈ ಸುಟ್ಟುಕೊಂಡರು. ಹದಿನಾರು ದಿನದಲ್ಲಿ ಅವರು ಮಾಡಿದ ಕೆಲಸ ದೊಡ್ಡದಲ್ಲ. ಆದರೆ ಆಮೇಲೆ ಅವರು ಆ ಹಿರಿಯರ ಮುಂದೆ ಮರುಭೂಮಿಯ ಬಗ್ಗೆ ಮಾತನಾಡುವ ರೀತಿ ಬದಲಾಯಿತು. ‘ಎಂಥಾ ಸುಂದರ ಊರು’ ಎನ್ನುವ ಮೊದಲು ಒಂದು ಕ್ಷಣ ತಡೆಯುತ್ತಾರೆ.

2024ರ ಜುಲೈನಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದೆ. ಮಳೆಗಾಲದ ನೆಂಟಳಾಗಿ ನನ್ನ ಫಜೀತಿ ಕೇಳಿದರೆ ಅಜ್ಜ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೊದಲ ದಿನವೇ ಮೂರು ಉಂಬಳ ಹತ್ತಿದವು. ಈ ಮಣ್ಣಲ್ಲೇ ಹುಟ್ಟಿದ ನಾನು ಚಿಟ್ಟನೆ ಚೀರಿದೆ. ಆಚೆಮನೆಯ ಹುಡುಗ ಸುಣ್ಣದ ಡಬ್ಬಿ ತಂದುಕೊಟ್ಟ. ಆಮೇಲೆ ಅದು ನನ್ನ ಜೇಬು ಬಿಡಲಿಲ್ಲ, ಅಜ್ಜನ ಬಾಚಣಿಗೆಯ ಹಾಗೆ. ಐದು ದಿನ ಕರೆಂಟು ಇರಲಿಲ್ಲ. ಮಕ್ಕಳ ಪ್ಯಾಂಟುಗಳನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿ ಒಂದನ್ನು ಸುಟ್ಟೆ. ದನ ನನ್ನನ್ನು ಹತ್ತಿರ ಸೇರಿಸಲಿಲ್ಲ. ಕೆಲಸಕ್ಕೆ ನಾನು ಬಂದೆನೆಂದುಕೊಂಡಿದ್ದೆ. ಅಮ್ಮನಿಗೆ ಕೆಲಸ ಹೆಚ್ಚಾಯಿತು.

"ಈ ಮಳೇಲಿ ಯಾಕಾದ್ರೂ ಬಂದ್ಯೋ" ಎಂದು ಅಮ್ಮ ದಿನಕ್ಕೆ ನಾಲ್ಕು ಸಲ ಬೈದಳು. ಬೈಯುತ್ತಲೇ ರಾತ್ರಿ ನನ್ನ ಪಕ್ಕ ಹಾಸಿಗೆ ಹಾಕಿಕೊಂಡು, ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ, ತಾನು ಬಿದ್ದ ದಿನದ ಕಥೆಯನ್ನು ಮೊದಲ ಸಲ ಪೂರ್ತಿ ಹೇಳಿದಳು. ಎಷ್ಟು ಹೊತ್ತು ಅಲ್ಲೇ ಕೂತಿದ್ದಳು, ಯಾರನ್ನು ಕೂಗಿದಳು, ಮಳೆಯ ಸದ್ದಿಗೆ ಕೂಗು ಹೇಗೆ ಯಾರಿಗೂ ಕೇಳಲಿಲ್ಲ. ಡಿಸೆಂಬರಿನ ಬಿಸಿಲಿನಲ್ಲಿ ಅವಳು ಈ ಕಥೆ ಹೇಳುತ್ತಿರಲಿಲ್ಲವೆಂದು ನನಗೆ ಗೊತ್ತು.

ಮರುದಿನ ಬೆಳಗ್ಗೆ ಮುಖ ತೊಳೆಯಲು ಹೊರಟಾಗ ಅಮ್ಮ ಹಿಂದಿನಿಂದ ಕೂಗಿದಳು: "ಅಲ್ಲಿ ಕಾಲಿಡಬೇಡ, ಜಾರುತ್ತೆ. ಸೋಗೆ ಹಾಸಿದೀನಿ ನೋಡು, ಅದರ ಮೇಲೆ ಬಾ."

ನಾನು ಸೋಗೆಯ ಮೇಲೆ ಹೆಜ್ಜೆ ಇಡುತ್ತಾ ಹೋದೆ.